ಎರಡನೇ ಕೋಣೆಯ ಹದಿನೇಳು

ಮುಂಡಗೋಡದ ನಮ್ಮ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿರುವ ಹುಡುಗಿ ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಹೊಸದಾಗಿ ಸೇರಿದ್ದಾಳೆ. ಮೊನ್ನೆ ಚಹಾ ಕುಡಿಯುತ್ತ ಕೇಳಿದಳು: "ಅಜ್ಜಿ, ಒಂದು ಅವಧಿ ಶುರು ಆಗೇತಿ, ಆದ್ರ ಮುಗದದ್ದು ಯಾವಾಗ ಅಂತ ಗೊತ್ತಿಲ್ಲ ಅಂದ್ರ, ಕೊನೀ ವ್ಯಾಳ್ಯಾ ಏನಂತ ತುಂಬಬೇಕ್ರಿ?"

"ಏನೂ ತುಂಬಬ್ಯಾಡ. ಖಾಲಿ ಬಿಡು" ಎಂದೆ.

"ಖಾಲಿ ಬಿಟ್ರ ಲೆಕ್ಕ ಕೂಡಂಗಿಲ್ಲಲ್ರಿ."

"ಕೂಡದಿದ್ರ ಬಿಡಲಿ."

ನನ್ನ ದನಿ ಸ್ವಲ್ಪ ಗಡುಸಾಯಿತೇನೋ, ಹುಡುಗಿ ಕಪ್ಪು ಎತ್ತಿಕೊಂಡು ಮಾಳಿಗೆ ಹತ್ತಿದಳು. ಅವಳಿಗೆ ಅಂದು ಹೇಳದೇ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನಗೆ ಬಡ್ತಿ ಯಾವಾಗ ಸಿಕ್ಕಿತು, ನಿವೃತ್ತಿಯ ದಿನ ಯಾರು ಶಾಲು ಹೊದಿಸಿದರು ಎಂಬುದರಲ್ಲಿ ಯಾರಿಗೂ ಆಸಕ್ತಿ ಇರಲಾರದು, ನನಗೂ ಇಲ್ಲ. ಶಾಲು ಟ್ರಂಕಿನಲ್ಲಿದೆ, ನುಸಿಗುಳಿಗೆಯ ಜೊತೆ.

ನಾನು ಹಳಿಯಾಳದವಳು. ಬಂಗೂರನಗರದ ಕಾಲೇಜಿನಲ್ಲಿ ಓದು ಮುಗಿಸಿ, ಎಪ್ಪತ್ತರ ದಶಕದ ಕೊನೆಯಲ್ಲಿ, ದಾಂಡೇಲಿಯ ಹೊರಗೆ ಇದ್ದ ಒಂದು ಬಾಗಿಲು ಮಾಡುವ ಕಾರ್ಖಾನೆಯ ಟೈಮ್ ಆಫೀಸಿಗೆ ಸೇರಿದೆ. ಊರಿನ ದೊಡ್ಡ ಕಾಗದದ ಗಿರಣಿಯ ಮುಂದೆ ನಮ್ಮದು ಆನೆಯ ಪಕ್ಕದ ಆಡು. ಈಗ ಅದು ಇಲ್ಲ. ಗೋಡೆಗಳನ್ನೂ ಯಾರೋ ಇಟ್ಟಿಗೆಗಾಗಿ ಒಯ್ದಿದ್ದಾರೆ.

ಜೊಯಿಡಾ ಕಡೆಯಿಂದ, ಅಣಶಿ ಘಟ್ಟದ ಆಚೆಯಿಂದ ಲಾರಿಗಳಲ್ಲಿ ಹಸಿ ದಿಮ್ಮಿ ಬರುತ್ತಿತ್ತು. ಸೀಳಿದ ಹಲಗೆಗಳನ್ನು ಒಣಗಿಸಲು ನಾಲ್ಕು ಉಗಿಕೋಣೆಗಳಿದ್ದವು. ಕಿಟಕಿಯಿಲ್ಲದ ಇಟ್ಟಿಗೆಯ ಕೋಣೆ, ಒಂದೇ ಕಬ್ಬಿಣದ ಕದ, ಅದಕ್ಕೆ ಹೊರಗಿನಿಂದ ಮಾತ್ರ ಅಗಳಿ. ಒಳಗೆ ಆಳುಗಳು ಹಲಗೆ ಒಟ್ಟಿ ಹೊರಗೆ ಬಂದ ಮೇಲೆ ಕದ ಹಾಕಿ, ಬಾಯ್ಲರಿನಿಂದ ಉಗಿ ಬಿಡುತ್ತಿದ್ದರು. ಆಮೇಲೆ ಆ ಕೋಣೆಯಲ್ಲಿ ಇಲಿ ಸಹ ಬದುಕುವಂತಿರಲಿಲ್ಲ.

ಹಲಗೆ ಒಣಗುವಾಗ ಸದ್ದು ಮಾಡುತ್ತದೆ. ಒಳಗಿನಿಂದ ಯಾರೋ ಬೆರಳ ಗಂಟಿನಿಂದ ಕದ ತಟ್ಟಿದ ಹಾಗೆ, ತಡೆದು ತಡೆದು. ಕೆಲಸಕ್ಕೆ ಸೇರಿದ ಮೊದಲ ವಾರ ನಾನು ಅದನ್ನು ಕೇಳಿ ಓಡಿ ಹೋಗಿ ಬಾಯ್ಲರ್ ನೋಡಿಕೊಳ್ಳುವ ಇಮಾಮಸಾಬರಿಗೆ ಹೇಳಿದ್ದೆ. ಅವರು ಬೀಡಿ ಬಾಯಿಂದ ತೆಗೆಯದೇ, "ಕಟ್ಟಿಗಿ ತನ್ನ ಅಡವಿ ನೆನಸ್ಕೊಳ್ಳಾಕ ಹತ್ತೇತ್ರಿ ಅಕ್ಕಾರ. ತಟ್ಟತೈತಿ, ತಟ್ಟಲಿ. ಕಿವಿ ಕೊಡಬ್ಯಾಡ್ರಿ" ಎಂದರು. ಕಿವಿ ಕೊಡದಿರುವುದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ನನ್ನ ಕೆಲಸ ಸಮಯ ಬರೆಯುವುದು. ಯಾರು ಯಾವಾಗ ಒಳಗೆ, ಯಾವಾಗ ಹೊರಗೆ. ಇದೇನು ಮಹಾ ಎನ್ನಬೇಡಿ. ಸೇರಿದ ವರ್ಷವೇ ಒಂದು ಜಗಳ ಬಂತು. ಮಧ್ಯಾಹ್ನ ಎರಡರ ಭೋಂಗಾ, ಅಂದರೆ ಪಾಳಿ ಬದಲಿಸುವ ಸೈರನ್, ಕೂಗುತ್ತಿದ್ದಾಗಲೇ ದೊಡ್ಡ ಗರಗಸದ ಹಲ್ಲು ಮುರಿಯಿತು. ಮೊದಲ ಪಾಳಿಯವನು "ನಂದು ಎರಡಕ್ಕ ಮುಗದೈತಿ" ಎಂದ. ಎರಡನೇ ಪಾಳಿಯವನು "ನಾ ಇನ್ನೂ ಕೈ ಹಚ್ಚಿಲ್ಲ" ಎಂದ. ನಮ್ಮ ಪುಸ್ತಕ ನೋಡಿದರೆ ಮೊದಲ ಪಾಳಿ ಆರರಿಂದ ಎರಡು, ಮುಂದಿನದು ಎರಡರಿಂದ ಹತ್ತು. ಅಂದರೆ ಎರಡು ಗಂಟೆ ಎಂಬ ಆ ಕ್ಷಣದಲ್ಲಿ ಇಬ್ಬರೂ ಗರಗಸದ ಮೇಲಿದ್ದರು.

ಕಾರ್ಖಾನೆಯ ಮ್ಯಾನೇಜರ್ ನಾಡಗೀರ ಸಾಹೇಬರು ಕೋಪದ ಮನುಷ್ಯ, ಆದರೆ ಕೆಟ್ಟವರಲ್ಲ. ಪುಸ್ತಕವನ್ನು ನನ್ನ ಮೇಜಿನ ಮೇಲೆ ಕುಕ್ಕಿ, "ಹಂಗಾರ ದಿನಾ ಭೋಂಗಾ ಆದಾಗ ನನ್ನ ಕಾರ್ಖಾನ್ಯಾಗ ಎರಡರಷ್ಟು ಮಂದಿ ಇರತಾರೇನ್ರಿ ಸುಶೀಲಾಬಾಯಿ?" ಎಂದರು. ಮಾತಿಗೆ ಅಂದದ್ದು. ಆದರೆ ಅಂದಿನಿಂದ ಪಾಳಿ ಬದಲಾಗುವ ಹೊತ್ತಿಗೆ ಕಿಟಕಿಯಿಂದ ನೋಡುವುದು ನನಗೆ ರೂಢಿಯಾಯಿತು. ಉಗಿಯ ಮಬ್ಬಿನಲ್ಲಿ ಹೋಗುವವರು ಬರುವವರು ಸೇರಿಕೊಂಡಾಗ, ನನ್ನ ಕಾರ್ಡುಗಳಲ್ಲಿ ಇದ್ದದ್ದಕ್ಕಿಂತ ಹೆಚ್ಚು ಜನ ಅಂಗಳದಲ್ಲಿ ಇದ್ದಾರೆ ಎಂದು ಎಷ್ಟೋ ಸಲ ಅನಿಸಿದೆ. ಎಣಿಸಲು ಮಾತ್ರ ನಾನು ಯಾವತ್ತೂ ಹೋಗಲಿಲ್ಲ.

ಎಂಬತ್ತರ ದಶಕದ ಕೊನೆಗೆ ನಮಗೆ ಕಂಪ್ಯೂಟರ್ ಬಂತು. ಅದಕ್ಕೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದದ್ದಾಯಿತು. ಮೊದಲ ಪ್ರೋಗ್ರಾಮನ್ನು ಯಾರೋ ಹುಬ್ಬಳ್ಳಿಯಿಂದ ಬರೆಸಿ ತಂದಿದ್ದರು. ಶುರು ಒಂದು ಅಂಕಿ, ಕೊನೆ ಇನ್ನೊಂದು ಅಂಕಿ, ಕೊನೆಯಿಂದ ಶುರು ಕಳೆದರೆ ದುಡಿದ ತಾಸು. ರಾತ್ರಿ ಪಾಳಿ ಹತ್ತಕ್ಕೆ ಶುರುವಾಗಿ ಬೆಳಿಗ್ಗೆ ಆರಕ್ಕೆ ಮುಗಿಯುತ್ತದೆ ಎಂಬುದು ಆ ಮಹಾನುಭಾವನಿಗೆ ಹೊಳೆದಿರಲಿಲ್ಲ. ಇಮಾಮಸಾಬರು ಹದಿನಾರು ತಾಸು ಹಿಂದಕ್ಕೆ ದುಡಿದಿದ್ದಾರೆ ಎಂದು ಮೊದಲ ಕಾಗದ ಅಚ್ಚಾಗಿ ಬಂತು.

"ಹಿಂದಕ್ಕ ದುಡದಿದ್ರ ಇಷ್ಟೊತ್ತಿಗೆ ನಾ ಮತ್ತ ಹರೇದಾವ ಆಗಬೇಕಿತ್ತಲ್ರಿ" ಎಂದು ಅವರು ಗಡ್ಡ ಸವರಿಕೊಂಡರು. ಆಫೀಸೆಲ್ಲ ನಕ್ಕಿತು.

ಇದನ್ನು ರಿಪೇರಿ ಮಾಡಲು ಬಾಪಟ ಬಂದ. ಬೆಳಗಾವಿಯ ಹುಡುಗ, ಪುಣೆಯಲ್ಲಿ ಓದಿದವನು, ತೆಳ್ಳಗೆ ಬೆಳ್ಳಗೆ, ಊಟಕ್ಕೆ ಕೂತರೂ ಯೋಚನೆಯಲ್ಲೇ ಇರುತ್ತಿದ್ದ. ಆಗಷ್ಟೇ ಬಂದಿದ್ದ ಸಿ ಪ್ಲಸ್ ಪ್ಲಸ್ ಎಂಬ ಭಾಷೆಯನ್ನು ನಾಲ್ಕು ಫ್ಲಾಪಿಗಳಲ್ಲಿ ಹೊತ್ತು ತಂದಿದ್ದ. ಸಾಹೇಬರು ನನ್ನನ್ನು ಅವನ ಕೈಕೆಳಗೆ ಹಾಕಿದರು. ನಾನು ಪ್ರೋಗ್ರಾಮ್ ಕಲಿತದ್ದು ಹೀಗೆ.

"ಬಘಾ ತಾಯೀ," ನೋಡಿ ಅಕ್ಕಾ ಎಂಬುದನ್ನು ಮರಾಠಿಯಲ್ಲೇ ಅಂದು, ಅವನು ಮೊದಲ ದಿನವೇ ಹೇಳಿದ, "ಅವಧಿ ಅಂದ್ರ ಎರಡು ಅಂಕಿ ಅಲ್ರಿ. ಅದು ಒಂದು ಜೀವ ಅಂತ ತಿಳ್ಕೋರಿ. ಅದರ ಹೊಟ್ಯಾಗ ಕೈ ಹಾಕಿ ಅಂಕಿ ತಗೀಬಾರದು. ಅದನ್ನ ಕೇಳಬೇಕು, ಅದು ಹೇಳತೈತಿ."

"ಏನಂತ ಕೇಳೂದು?"

"ನೀ ಎಷ್ಟು ಉದ್ದ ಅದೀ? ಈ ಕ್ಷಣ ನಿನ್ನೊಳಗ ಐತೇನು? ಆ ಅವಧಿಗೆ ನೀ ಎಲ್ಲಾದ್ರೂ ತಾಗತೀಯೇನು? ಇಷ್ಟ ಮೂರು ಪ್ರಶ್ನಿ. ನಡುರಾತ್ರಿ ದಾಟೂದು, ದಿನಾ ಬದಲಾಗೂದು, ಎಲ್ಲಾ ಅದರ ಸಂಸಾರ. ನಮಗ್ಯಾಕ?"

ಹೋಳಿಗೆಯ ಅಚ್ಚಿನ ಹಾಗೆ ಅವಧಿಗೆ ಒಂದು ಅಚ್ಚು ಬರೆದೆವು. ಆ ಅಚ್ಚಿನಿಂದ ತೆಗೆದ ಪ್ರತಿಯೊಂದು ಅವಧಿಗೂ ಈ ಮೂರು ಪ್ರಶ್ನೆಗೆ ಉತ್ತರ ಕೊಡಲು ಬರುತ್ತಿತ್ತು. ಎರಡು ಗಂಟೆಯ ಜಗಳವನ್ನು ಬಾಪಟ ಒಂದೇ ಮಾತಿನಲ್ಲಿ ಮುಗಿಸಿದ. ಶುರುವಿನ ಕ್ಷಣ ಅವಧಿಯ ಒಳಗೆ, ಕೊನೆಯ ಕ್ಷಣ ಹೊರಗೆ. ಹಳಿಯಾಳದ ಬಸ್ಸಿನಲ್ಲಿ ಒಬ್ಬ ಏಳುತ್ತಿದ್ದಂತೆ ಇನ್ನೊಬ್ಬ ಕೂತ ಹಾಗೆ, ಸೀಟು ಖಾಲಿಯೂ ಇಲ್ಲ, ಅದರಲ್ಲಿ ಒಟ್ಟಿಗೆ ಇಬ್ಬರು ಕೂತೂ ಇಲ್ಲ. ಎರಡು ಗಂಟೆ ಎಂಬುದು ಮುಂದಿನವನದು. ನಾನು ಹತ್ತು ವರ್ಷ ಕಾಡಿಸಿಕೊಂಡದ್ದು ಇಷ್ಟೇನಾ ಎನಿಸಿತು.

ಕೊನೆ ಗೊತ್ತಿಲ್ಲದ ಅವಧಿಯನ್ನು ಏನು ಮಾಡುವುದೆಂದು ನಾನೂ ಅಂದು ಮಾಳಿಗೆಯ ಹುಡುಗಿಯಂತೆಯೇ ಕೇಳಿದ್ದೆ. ಬಾಪಟ ಸ್ವಲ್ಪ ಹೊತ್ತು ಫ್ಯಾನು ನೋಡಿದ. "ಕೊನಿ ಇಲ್ಲದ ಅವಧಿನೂ ಅವಧೀನ. ಅದನ್ನ ಕೇಳಿದ್ರ 'ನಾ ಇನ್ನೂ ನಡದೀನಿ' ಅಂತೈತಿ. ಯಾರರೆ ಬಂದು ಮುಗಸೂ ತನಕ ಹಂಗ ಅಂತಿರತೈತಿ. ನೀವು ಮಾತ್ರ ಸುಳ್ಳು ಕೊನಿ ಬರೀಬ್ಯಾಡ್ರಿ" ಎಂದ.

ಆ ಅಚ್ಚನ್ನೇ ಉಗಿಕೋಣೆಗೂ ಬಳಸಿದೆವು. ಆಳುಗಳು ಕೋಣೆಯಲ್ಲಿರುವ ಅವಧಿಗಳು ಒಂದು ಕಡೆ, ಉಗಿ ಬಿಡುವ ಅವಧಿ ಇನ್ನೊಂದು ಕಡೆ. ಎರಡೂ ಎಲ್ಲಿಯೂ ತಾಗಬಾರದು. ಪ್ರತಿ ಕೋಣೆಯ ಕದದ ಪಕ್ಕ, ಹೊರಗೆ, ಮತ್ತು ಬಾಯ್ಲರಿನ ಹತ್ತಿರ ಗುಂಡಿ ಒತ್ತಿ ಮಾತಾಡುವ ಒಂದೊಂದು ಡಬ್ಬಿ ಇತ್ತು, ಅದರ ದನಿ ನನ್ನ ಮೇಜಿನ ಮೇಲಿನ ಡಬ್ಬಿಯಲ್ಲಿ ಕೇಳಿಸುತ್ತಿತ್ತು. ಒಳಗೆ ಹೋಗುವವನು ಗುಂಡಿ ಒತ್ತಿ, ಕಾರ್ಖಾನೆ ತನಗೆ ಕೊಟ್ಟ ಹಿತ್ತಾಳೆ ಬಿಲ್ಲೆಯ ನಂಬರು ಹೇಳುತ್ತಿದ್ದ: "ಹದಿನೇಳು ಒಳಗ." ಬರುವಾಗ, "ಹದಿನೇಳು ಹೊರಗ." ನಾನು ಬೆರಳಚ್ಚಿಸುತ್ತಿದ್ದೆ. ಇಮಾಮಸಾಬರು ಉಗಿ ಬಿಡುವ ಮುಂಚೆ ಕೇಳುತ್ತಿದ್ದರು, ನಾನು ಪರದೆ ನೋಡಿ "ಬಿಡ್ರಿ" ಎನ್ನುತ್ತಿದ್ದೆ.

ಇದರಲ್ಲಿ ಆಳುಗಳು ತಾವೇ ಮಾಡಿಕೊಂಡ ಒಂದು ಕಟ್ಟಳೆ ಇತ್ತು. ತನ್ನ ನಂಬರನ್ನು ತಾನೇ ಹೇಳಬೇಕು, ಒಬ್ಬನ ಸಲುವಾಗಿ ಇನ್ನೊಬ್ಬ ಬಾಯಿ ಬಿಡಬಾರದು. "ಇನ್ನೊಬ್ಬಾವ್ನ ಹೊರಗ ಅಂದ್ರ ಅವನ ಆಯುಷ್ಯಕ್ಕ ಕೈ ಹಾಕಿದಂಗ" ಎನ್ನುತ್ತಿದ್ದರು. ಇನ್ನೊಂದು, ಸತ್ತವನ ಬಿಲ್ಲೆ ಮತ್ತೊಬ್ಬರಿಗೆ ಕೊಡುವಂತಿಲ್ಲ. ಅದು ಒಂದು ವರ್ಷ ನನ್ನ ಕುರ್ಚಿಯ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು, ಆಮೇಲೆ ಜೊತೆಯವರು ಒಯ್ದು ಕಾಳಿ ನದಿಗೆ ಬಿಡುತ್ತಿದ್ದರು. ಹಿಂದೂ, ಮುಸಲ್ಮಾನ, ಕ್ರಿಸ್ತಾಂವ ಎಂಬ ಭೇದ ಅದಕ್ಕೆ ಇರಲಿಲ್ಲ.

ಹದಿನೇಳು ಜುಜೆ ಸಿದ್ದಿಯ ನಂಬರು. ಹಳಿಯಾಳದ ಆಚೆಯ ಹಳ್ಳಿಯವನು, ಎತ್ತರದ ಆಳು, ಒಬ್ಬನೇ ದಪ್ಪ ಹಲಗೆ ಎತ್ತುತ್ತಿದ್ದ. ಅವನ ದನಿಗೆ ಒಂದು ಇಳಿತ ಇತ್ತು, ಗುಡಾಣದೊಳಗಿನಿಂದ ಬಂದ ಹಾಗೆ. "ಹದಿನೇಳು ಒಳಗ, ಅಕ್ಕಾರ" ಎಂದು ಅವನೊಬ್ಬನೇ ನನ್ನನ್ನು ಸೇರಿಸಿ ಹೇಳುತ್ತಿದ್ದ.

ಒಂದು ಮಳೆಗಾಲದ ಬೆಳಿಗ್ಗೆ ಎರಡನೇ ಕೋಣೆಯಿಂದ ಹಾಗೆ ಹೇಳಿ ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಎದೆ ಹಿಡಿದುಕೊಂಡು ತೂರಾಡುತ್ತ ಬಂದು ಅಂಗಳದಲ್ಲಿ ಬಿದ್ದ. ಲಾರಿಯಲ್ಲಿ ಹಾಕಿಕೊಂಡು ಆಸ್ಪತ್ರೆಗೆ ಓಡಿದರು, ದಾರಿಯಲ್ಲೇ ಹೋದ. ಯಾವಾಗ ಹೋದ ಎಂದು ಲಾರಿಯಲ್ಲಿದ್ದವರಿಗೂ ತಿಳಿಯಲಿಲ್ಲ, ಅವನ ತಲೆ ಇಮಾಮಸಾಬರ ತೊಡೆಯ ಮೇಲಿತ್ತು. ಉಗಿಯದ್ದಲ್ಲ, ಯಾರ ತಪ್ಪೂ ಅಲ್ಲ, ಹೃದಯ ನಿಂತಿತು ಎಂದು ಡಾಕ್ಟರು ಹೇಳಿದರು.

ಆದರೆ ಕೋಣೆಯಿಂದ ಬರುವಾಗ ಅವನು ಗುಂಡಿ ಒತ್ತಿರಲಿಲ್ಲ. ಪರದೆಯ ಮೇಲೆ ಹದಿನೇಳರ ಅವಧಿ ಶುರುವಾಗಿತ್ತು, ಮುಗಿದಿರಲಿಲ್ಲ.

ಕೆಲವು ದಿನ ಬಿಟ್ಟು ಅವನ ತಾಯಿ ಮೇರಿಬಾಯಿ ಬಂದಳು. ಜೊತೆಗೆ ಕಿರಿಯ ಮಗ ಪೆದ್ರು. ಅವನೂ ಎತ್ತರವೇ, ಅಂಗಳದಲ್ಲೇ ನಿಂತ, ಒಳಗೆ ಬರಲಿಲ್ಲ. ಕಾಗದಪತ್ರದ ಮಾತೆಲ್ಲ ಮುಗಿದ ಮೇಲೆ ಮುದುಕಿ ನನ್ನ ಮೇಜಿನ ಹತ್ತಿರ ಬಂದು ಕಂಪ್ಯೂಟರನ್ನು ದಿಟ್ಟಿಸಿದಳು.

"ಯವ್ವಾ, ನನ್ನ ಮಗಾ ಒಳಗ ಹೋದ ಅಂತ ಇದರಾಗ ಐತಂತ. ಖರೇನು?"

"ಐತಿ."

"ಹೊರಗ ಬಂದ ಅಂತ?"

ನನಗೆ ಸುಳ್ಳು ಹೇಳಲಾಗಲಿಲ್ಲ. "ಇಲ್ಲಬೇ" ಎಂದೆ.

ಮುದುಕಿ ಅಳಲಿಲ್ಲ. "ಅದಕ್ಕ ಅವ ದಿನಾ ಕನಸಿನ್ಯಾಗ ಬೆವತು ಬರತಾನ" ಎಂದಳು. ಆಮೇಲೆ, "ಸುಳ್ಳ ಬರೀಬ್ಯಾಡಬೇ. ಖರೇ ಹೊರಗ ಬಂದಾಗ ಬರಿ" ಎಂದು ನನ್ನ ಕೈ ಮುಟ್ಟಿ ಮಾತು ತೆಗೆದುಕೊಂಡು ಹೋದಳು. ಸತ್ತವನು ಹೇಗೆ ಹೊರಗೆ ಬಂದಾನು ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ.

ಅಲ್ಲಿಂದ ಶುರುವಾಯಿತು. ಎರಡನೇ ಕೋಣೆಗೆ ಉಗಿ ಬಿಡಲು ಯಾವಾಗ ಕೇಳಿದರೂ ಪರದೆ ಒಂದೇ ಮಾತು ಹೇಳುತ್ತಿತ್ತು: ಅವಧಿ ತಾಗುತ್ತದೆ, ಹದಿನೇಳು ಒಳಗಿದೆ. ಮೊದಮೊದಲು ಇಮಾಮಸಾಬರು ನಗೆ ಮಾಡಿದರು. "ಜುಜೆಗೆ ಹೇಳ್ರಿ, ಒಂದು ಗಳಿಗಿ ಎದ್ದು ಬಾ ಅಂತ." ನಾನು 'ಆದರೂ ಬಿಡು' ಎಂಬ ಗುಂಡಿ ಒತ್ತಿ ದಾಟಿಸುತ್ತಿದ್ದೆ. ದಿನ ಕಳೆದಂತೆ ಅವರ ನಗೆ ನಿಂತಿತು. ಪರದೆ ಅದನ್ನೇ ಹೇಳುತ್ತದೆಂದು ಇಬ್ಬರಿಗೂ ಗೊತ್ತು, ಇಬ್ಬರೂ ಹೆಸರೆತ್ತುತ್ತಿರಲಿಲ್ಲ. "ಎರಡನೇದ್ದು ಬಿಡ್ಲ್ಯಾ?" ಎನ್ನುವರು. "ಹೂಂ" ಎನ್ನುವೆನು. ಆ ಕೋಣೆಯ ಹಲಗೆಗಳು ಉಳಿದವಕ್ಕಿಂತ ಹೆಚ್ಚು ತಟ್ಟುತ್ತವೆ ಎಂದು ಆಳುಗಳು ಮಾತಾಡತೊಡಗಿದರು. ನಾನು ಅದನ್ನು ನಂಬಲಿಲ್ಲ, ಆದರೆ ಆ ಕಡೆಯ ಕಿಟಕಿಯನ್ನು ಮುಚ್ಚಿಡಲು ಶುರು ಮಾಡಿದೆ.

ನಾಡಗೀರ ಸಾಹೇಬರಿಗೆ ಬೇರೆಯೇ ತಲೆನೋವು. ದಿನವೂ ಅವರ ಮೇಜಿಗೆ ಹೋಗುವ ಹಾಜರಿ ಕಾಗದದಲ್ಲಿ ಮೊದಲ ಸಾಲು ಜುಜೆಯದೇ. ಎಲ್ಲರಿಗಿಂತ ಹಳೆಯ ಅವಧಿ ಅದು, ಉದ್ದವೂ ದಿನದಿನಕ್ಕೆ ಬೆಳೆಯುತ್ತಿತ್ತು.

"ಸುಶೀಲಾಬಾಯಿ, ಇದನ್ನ ಮುಗಸ್ರಿ. ಆ ದಿನದ ಭೋಂಗಾದ ವ್ಯಾಳ್ಯಾ ಹಾಕಿ ಕೈ ತೊಳಕೋರಿ."

"ಭೋಂಗಾ ಆದಾಗ ಅವ ಕೋಣ್ಯಾಗ ಇದ್ದಿದ್ದಿಲ್ರಿ ಸರ್. ಬದುಕಿನೂ ಇದ್ದಿದ್ದಿಲ್ಲ."

"ಹಂಗಾರ ಅಂದಾಜ ಹಾಕ್ರಿ! ಸತ್ತಾವರು ಹಾಜರಿ ಹಾಕತಾರೇನು?"

ನಾನು ಇಂದು ನಾಳೆ ಎನ್ನುತ್ತ ತಳ್ಳಿದೆ. ಬಾಪಟನಿಗೆ ಬರೆದು ಕೇಳೋಣವೆಂದರೆ ಅವನು ಆಗಲೇ ಪುಣೆಗೆ ಮರಳಿ ಬೇರೆ ಕೆಲಸ ಹಿಡಿದಿದ್ದ. ಕೊನೆಗೆ ಒಂದು ದಿನ ಸಾಹೇಬರು ಸಿಟ್ಟಿಗೆದ್ದು, ಊಟದ ಹೊತ್ತು ಮುಗಿಯುವುದರೊಳಗೆ ಆ ಸಾಲು ಹೋಗಿರಬೇಕು, ಇಲ್ಲವಾದರೆ ನೀವು ಹೋಗಿರಿ ಎಂದರು. ಕೆಲಸ ಬೇಕಿತ್ತು ನನಗೆ. ಊಟದ ಡಬ್ಬಿ ಮುಚ್ಚಿ, ಕೈ ತೊಳೆದು ಬಂದು ಕೂತೆ. ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು, ಅಂಗಳದಲ್ಲಿ ಒಬ್ಬರೂ ಇರಲಿಲ್ಲ. ಹದಿನೇಳರ ಅವಧಿ ತೆಗೆದೆ. ಕೊನೆಯ ವೇಳೆಯ ಜಾಗದಲ್ಲಿ ಬೆಳಕಿನ ಗೀಟು ಮಿನುಗುತ್ತಿತ್ತು. ಮನಸ್ಸಿನಲ್ಲೇ ಮೇರಿಬಾಯಿಯ ಕ್ಷಮೆ ಕೇಳಿ ಬೆರಳು ಊರಿದೆ.

ಮೇಜಿನ ಮೇಲಿನ ಮಾತಿನ ಡಬ್ಬಿ ಗರ್ ಎಂದಿತು. "ಹದಿನೇಳು ಒಳಗ."

ಅದೇ ದನಿ. ಅದೇ ಇಳಿತ. ಡಬ್ಬಿಯ ಮೇಲಿನ ಎರಡನೇ ಕೋಣೆಯ ದೀಪ ಒಂದು ಕ್ಷಣ ಹೊತ್ತಿ ಆರಿತು.

ನಾನು ತಿರುಗಿ ನೋಡಿದೆ. ಹದಿನೇಳರ ಬಿಲ್ಲೆ ಮೊಳೆಯ ಮೇಲೆಯೇ ಇತ್ತು, ಸಣ್ಣಗೆ ತೂಗುತ್ತಿತ್ತು. ಫ್ಯಾನಿನ ಗಾಳಿ ಇದ್ದೀತು. ವರ್ಷಗಳ ರೂಢಿ ನೋಡಿ, ಹೆದರಿದ ಕೈಯೂ ತನ್ನ ಕೆಲಸ ತಾನು ಮಾಡಿತು. 'ಹದಿನೇಳು, ಎರಡನೇ ಕೋಣೆ, ಒಳಗೆ' ಎಂದು ಬೆರಳಚ್ಚಿಸಿದೆ. ಪರದೆ ಒಪ್ಪಲಿಲ್ಲ. ಇಂಗ್ಲಿಷಿನಲ್ಲಿ ಬಂದ ಆ ಸಾಲಿನ ಅರ್ಥ ಇಷ್ಟು: ಹದಿನೇಳು ಆಗಲೇ ಒಳಗಿದೆ, ಒಳಗಿರುವವನು ಮತ್ತೆ ಒಳಗೆ ಹೋಗಲಾರ.

ಒಬ್ಬ ಮನುಷ್ಯನ ಎರಡು ಅವಧಿಗಳು ಒಂದರ ಮೇಲೊಂದು ಬರಬಾರದು ಎಂಬ ನಿಯಮವನ್ನು ನಾನೇ ಬರೆದಿದ್ದೆ.

ಡಬ್ಬಿಯ ಗುಂಡಿ ಒತ್ತಿ "ಯಾರು ಮಾತಾಡಿದ್ದು?" ಎಂದೆ. ಸ್ವಲ್ಪ ಹೊತ್ತಿಗೆ ಕಬ್ಬಿಣದ ಕದ ಹಾಕಿದ ಸದ್ದು ಆ ಕಡೆಯಿಂದ ಬಂತು, ಅಗಳಿ ಜಾರಿದ ಸದ್ದೂ ಬಂತು. ನಾನು ಕೂತಲ್ಲೇ ಕೂತಿದ್ದೆ. ಕೇಳಿದ್ದು ಖರೆಯೋ, ಮನಸ್ಸಿನ ಆಟವೋ? ಅವನ ಕೊನೆ ಬರೆಯಲು ಹೊರಟ ಗಳಿಗೆಯಲ್ಲೇ ಅವನ ದನಿ ಬಂದರೆ ಯಾರಾದರೂ ಏನು ತಿಳಿಯಬೇಕು?

ಇಮಾಮಸಾಬರ ದನಿ ಬಂತು. "ಅಕ್ಕಾರ, ಗುತ್ತಿಗಿ ಮಂದಿ ಹಲಗಿ ಒಟ್ಟಿ ಹ್ವಾದ್ರು. ಎರಡನೇದ್ದು ಬಿಡ್ಲ್ಯಾ?"

ಪರದೆ ನೋಡಿದೆ. ಅವಧಿ ತಾಗುತ್ತದೆ, ಹದಿನೇಳು ಒಳಗಿದೆ. ದಿನವೂ ಹೇಳುವ ಮಾತೇ. ದಿನವೂ 'ಹೂಂ' ಎಂದಿದ್ದೆ.

"ಬ್ಯಾಡ್ರಿ" ಎಂದೆ.

"ಯಾಕ್ರಿ?"

"ಹದಿನೇಳು ಒಳಗದಾನ."

ಅಷ್ಟರಲ್ಲಿ ಸಾಹೇಬರು ಒಳಗೆ ಬಂದವರು ಇದನ್ನು ಕೇಳಿಸಿಕೊಂಡರು. "ಮತ್ತ ಅದ ಕಥಿ ಹಚ್ಚಿದ್ರ್ಯಾ? ಮಷೀನು ಎತ್ತು ಈದೈತಿ ಅಂದ್ರ ನೀವು ಕೊಟ್ಟಿಗ್ಯಾಗ ಕಟ್ಟರಿ ಅನ್ನಾವರು! ಇಮಾಮಸಾಬ, ಬಿಡ್ರಿ ಉಗಿ."

"ಸರ್, ನಾ ದನಿ ಕೇಳೇನಿ."

"ಯಾರ ದನಿ?"

ಹೇಳಿದರೆ ಹುಚ್ಚಿ ಎನ್ನುತ್ತಾರೆ, ಹೇಳದಿದ್ದರೆ ಉಗಿ ಬಿಡುತ್ತಾರೆ. "ಜುಜೆ ದನಿ" ಎಂದೆ. ಸಾಹೇಬರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ಸಿಟ್ಟು ಹೋಗಿ ಕನಿಕರ ಬಂತು, ಅದು ನನಗೆ ಸಿಟ್ಟಿಗಿಂತ ಕೆಟ್ಟದೆನಿಸಿತು.

"ಇಮಾಮ ಅಣ್ಣಾ," ಎಂದೆ ಡಬ್ಬಿಗೆ, "ನೀವು ಒಂದ್ಸಲ ಕದಕ್ಕ ಕಿವಿ ಹಚ್ಚಿ ನೋಡ್ರಿ."

ಅವರು ಹೋಗಿ ಬಂದರು. "ಒಂದು ಸಪ್ಪಳ ಇಲ್ರಿ ಅಕ್ಕಾರ. ಒಳಗ ಮನಷ್ಯಾ ಇದ್ರ ಒದರದ ಇರತಾನೇನು?" ಎಂದರು. ಆಮೇಲೆ ದನಿ ತಗ್ಗಿಸಿ, "ದಿನಾ ತಟ್ಟೂ ಕದಾ ಇವತ್ತ ತಟ್ಟಾಕ ಹತ್ತಿಲ್ಲ" ಎಂದರು.

"ತಗೀರಿ ಕದಾ" ಎಂದೆ. "ಒಳಗ ಯಾರೂ ಇಲ್ಲಂದ್ರ ಈಗಿಂದೀಗ ಆ ಸಾಲು ಅಳಸತೇನಿ, ನಾನೂ ಮನೀಗೆ ಹೋಗತೇನಿ. ಉಗಿ ಮಾತ್ರ ಬಿಡಬ್ಯಾಡ್ರಿ."

ಸಾಹೇಬರು ಬೇಡ ಎನ್ನಲಿಲ್ಲ. ಆ ಕಡೆಯಿಂದ ಅಗಳಿ ಎಳೆದ ಸದ್ದು, ಕದ ಕಿರುಗುಟ್ಟಿದ ಸದ್ದು ಕೇಳಿಸಿತು. ಆಮೇಲೆ ಇಮಾಮಸಾಬರು "ಯಾ ಅಲ್ಲಾ" ಎಂದು ಕೂಗಿದರು.

ಯಾರೋ ಗುಂಡಿ ಒತ್ತಿದರು. ಉಸಿರು ಕೇಳಿಸಿತು. ಆಮೇಲೆ ಆ ದನಿ: "ಹದಿನೇಳು ಹೊರಗ, ಅಕ್ಕಾರ."

ಬೆರಳಚ್ಚಿಸಿದೆ. ಈ ಸಲ ಪರದೆ ಒಪ್ಪಿತು. ಅದರ ಬಳಿ ಹದಿನೇಳರ ಹೆಸರಿನಲ್ಲಿ ತೆರೆದಿದ್ದ ಅವಧಿ ಒಂದೇ, ಕಳೆದ ಮಳೆಗಾಲದ ಆ ಬೆಳಿಗ್ಗೆಯದು. ಅದನ್ನು ಮುಚ್ಚಿ, ಉದ್ದ ತೋರಿಸಿತು. ಮಳೆ, ಚಳಿ ಎರಡೂ ಅದರಲ್ಲಿದ್ದವು.

ಹೊರಗೆ ಬಂದವನು ಪೆದ್ರು, ಜುಜೆಯ ತಮ್ಮ; ಅವನ ದನಿಯನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಅಣ್ಣ ಹೋದ ಮೇಲೆ ಗುತ್ತಿಗೆದಾರನ ಕಡೆ ಕೂಲಿಗೆ ಸೇರಿದ್ದ, ಅದು ನನಗೆ ಗೊತ್ತಿರಲಿಲ್ಲ. ಗುತ್ತಿಗೆಯವರಿಗೆ ಬಿಲ್ಲೆ ಇರಲಿಲ್ಲ, ಅವರು ಗುಂಪಾಗಿ ಹೋಗಿ ಗುಂಪಾಗಿ ಬರುತ್ತಿದ್ದರು. ಒಟ್ಟಿದ ಹಲಗೆಗಳ ನಡುವೆ ಇಟ್ಟ ಪಟ್ಟಿಗಳು ಹಿಂದಿನ ಸಾಲಿನಲ್ಲಿ ಜಾರಿವೆ ಎಂದು ಅವನೊಬ್ಬನನ್ನೇ ಮತ್ತೆ ಕಳಿಸಿದ್ದರು. ಕಳಿಸಿದವನು ಮರೆತು ಊಟಕ್ಕೆ ಹೋದ, ಇನ್ನೊಬ್ಬ ಬಂದು ಕದ ಹಾಕಿದ.

ಆ ಸಂಜೆ ಅಂಗಳದಲ್ಲಿ ಅವನನ್ನು ಕೂರಿಸಿ ಚಹಾ ಕುಡಿಸಿದೆವು. ಅವನು ಬಸಿಗೆ ಬಗ್ಗಿಸಿಕೊಂಡು ಕುಡಿದ.

"ಅಣ್ಣನ ನಂಬರ ಯಾಕ ಹೇಳಿದ್ಯೋ?" ಎಂದೆ.

"ನನಗ ನಂಬರ ಎಲ್ಲೈತ್ರಿ ಅಕ್ಕಾರ? ನಂಬರ ಹೇಳದ ಆ ಕೋಣ್ಯಾಗ ಹೋಗಬ್ಯಾಡ ಅಂತ ಅಣ್ಣ ಯಾವಾಗಲೂ ಹೇಳತಿದ್ದ. ಅವನ್ದು ಖಾಲಿ ಇತ್ತಲ್ಲ ಅಂತ..."

"ಕದಾ ಹಾಕಿದ ಮ್ಯಾಲೆ ಒದರಬಾರದೇನೋ? ಇಮಾಮ ಅಣ್ಣ ಕಿವಿ ಹಚ್ಚಿ ಕೇಳಿದ್ರು."

ಅವನು ಬಸಿಯನ್ನು ನೆಲದ ಮೇಲಿಟ್ಟ. "ಒದರಾಕ ಬಾಯಿ ತಗದಿದ್ದೆ. 'ಒದರಬ್ಯಾಡ, ಕುಂದ್ರು. ಅಕ್ಕಾರಿಗೆ ಗೊತ್ತೈತಿ' ಅಂದ."

"ಯಾರು ಅಂದದ್ದು?"

ಪೆದ್ರು ಎರಡನೇ ಕೋಣೆಯ ಕಡೆ ನೋಡಿದ. "ಕತ್ತಲಿತ್ರಿ" ಎಂದ. ಅಷ್ಟೇ. ಹೆದರಿದವನ ಕಿವಿಯಲ್ಲಿ ಏನೇನೋ ಕೇಳುತ್ತದೆ ಎಂದು ಸಾಹೇಬರು ಆಮೇಲೆ ಹೇಳಿದರು, ಹೌದೆನ್ನುವಂತೆ ನಾನು ಗೋಣು ಹಾಕಿದೆ. ಆದರೆ ಇಮಾಮಸಾಬರು ಮುಂದೆ ಯಾವತ್ತೂ ಆ ಕೋಣೆಗೆ ಉಗಿ ಬಿಡುವ ಮುಂಚೆ ಬೀಡಿ ಆರಿಸದೇ ಇರಲಿಲ್ಲ.

ಪ್ರೋಗ್ರಾಮ್ ಬರೆಯುವ ಕೆಲಸಕ್ಕೆ ಬರುವವರಿಗೆ ಹೇಳಬೇಕಾದದ್ದು ಇಲ್ಲಿದೆ. ನಾನು ಸಾಹೇಬರ ಮಾತು ಕೇಳಿ ಒಂದು ಗಳಿಗೆ ಮುಂಚೆ ಸುಳ್ಳು ಕೊನೆ ಬರೆದಿದ್ದರೆ ಪ್ರೋಗ್ರಾಮು ಪೆದ್ರುವಿನ ಅವಧಿಯನ್ನು ಚೆನ್ನಾಗಿಯೇ ಒಪ್ಪುತ್ತಿತ್ತು, ಆಗಲೂ ಅವನು ಉಳಿಯುತ್ತಿದ್ದ. ಅದು ನಿಜ. ಆದರೆ ಆ ಸಾಲು ಹಾಗೆಯೇ ತೆರೆದಿದ್ದು, ಅವನು ಮೂರನೇ ಕೋಣೆಗೆ ಹೋಗಿದ್ದರೆ? ಹದಿನೇಳು ಎರಡರಲ್ಲಿದೆ ಎಂದು ಪರದೆ ಅವನ ಅವಧಿಯನ್ನು ತಳ್ಳಿಹಾಕುತ್ತಿತ್ತು, ಮೂರನೇ ಕೋಣೆ ಖಾಲಿ ಎನ್ನುತ್ತಿತ್ತು. ನಂಬರೇ ಮನುಷ್ಯ ಎಂದು ಬರೆದಿಟ್ಟ ಪ್ರೋಗ್ರಾಮು ನಮ್ಮದು. ನಂಬರಿಲ್ಲದ ಮನುಷ್ಯನೂ ಬೆವರುತ್ತಾನೆ ಎಂಬುದು ಬಾಪಟನಿಗೂ ಹೊಳೆದಿರಲಿಲ್ಲ, ನನಗೂ. ಇನ್ನೊಂದು, ದಿನವೂ ಸುಳ್ಳು ಕೂಗುವ ಎಚ್ಚರಿಕೆಯನ್ನು ದಿನವೂ ದಾಟಿಸುವ ಗುಂಡಿ ಇಡಬೇಡಿ. ಒಂದು ದಿನ ಅದು ಖರೆ ಕೂಗುತ್ತದೆ, ನಿಮ್ಮ ಬೆರಳಿಗೆ ಮಾತ್ರ ರೂಢಿಯಾಗಿರುತ್ತದೆ. ಮರುವಾರವೇ ಗುತ್ತಿಗೆಯವರಿಗೆಲ್ಲ ಬಿಲ್ಲೆ ಬಂತು, ಕದಗಳಿಗೆ ಒಳಗಿನಿಂದಲೂ ತೆಗೆಯುವ ಅಗಳಿ ಬಂತು, ಆ ಗುಂಡಿಯನ್ನು ನಾನೇ ಕಿತ್ತು ಹಾಕಿದೆ.

ಉಳಿದದ್ದು ಆ ಒಂದು ಸಾಲು. ನಾಡಗೀರ ಸಾಹೇಬರು ಪರದೆಯ ಮುಂದೆ ನಿಂತು ಅದನ್ನು ಎರಡು ಸಲ ಓದಿದರು. "ಇದು ತಪ್ಪು ಐತಿ. ಒಬ್ಬಾವ ಒಳಗ ಹೋಗ್ಯಾನ, ಇನ್ನೊಬ್ಬಾವ ಹೊರಗ ಬಂದಾನ."

"ಹೌದ್ರಿ ಸರ್. ಸರಿ ಮಾಡ್ಲ್ಯಾ?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಇರಲಿ ಬಿಡ್ರಿ" ಎಂದರು. ಮರುದಿನದಿಂದ ಹಾಜರಿ ಕಾಗದದಲ್ಲಿ ಜುಜೆಯ ಹೆಸರು ಬರಲಿಲ್ಲ.

ವರ್ಷ ತುಂಬಿದಾಗ ಬಿಲ್ಲೆಯನ್ನು ಕಾಳಿಗೆ ಬಿಡಲು ಎಲ್ಲರೂ ಹೋದೆವು. ಬೆಳಗಿನ ಹೊತ್ತು, ನೀರಿನ ಮೇಲೆ ಇನ್ನೂ ಮಂಜಿತ್ತು. ಇಮಾಮಸಾಬರು ಅದನ್ನು ಕೈಯಲ್ಲಿ ಬೆಚ್ಚಗೆ ಹಿಡಿದು ತಂದಿದ್ದರು, ಮೇರಿಬಾಯಿಯ ಅಂಗೈಗೆ ಇಟ್ಟರು. ಮುದುಕಿ ಮುತ್ತಿಟ್ಟು ನೀರಿಗೆ ಬಿಟ್ಟಳು. ಅದು ಹಿತ್ತಾಳೆ, ಕೂಡಲೇ ಮುಳುಗಿತು.

ದಂಡೆಯ ಮೇಲೆ ಅವಳು ನನ್ನನ್ನು ಪಕ್ಕಕ್ಕೆ ಕರೆದಳು. "ಯವ್ವಾ, ಹೊರಗ ಬಂದ ಅಂತ ಬರದ್ಯಾ?"

"ನಾ ಬರೀಲಿಲ್ಲಬೇ," ಎಂದೆ. "ಅವನ ಹೇಳಿದ. ತನ್ನ ಬಾಯಿಲೆ."

ಮುದುಕಿ ಪೆದ್ರುವಿನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. ಯಾವ ಮಗ ಎಂದು ಕೇಳಲಿಲ್ಲ.